ಸಹಾಯ ಬೇಕು: ಹಳೆಯ ಡಂಪಿ ಲೆವೆಲ್, ಎರಡು ಹೆಸರುಗಳು

ಎಲ್ಲರಿಗೂ ನಮಸ್ಕಾರ. ವಿಶ್ವೇಶ್ವರಯ್ಯ ನಾಲೆಯ ಸರ್ವೆ ಕೆಲಸದಲ್ಲಿದ್ದ ನಮ್ಮ ತಾತನವರ ಹಿತ್ತಾಳೆಯ ಡಂಪಿ ಲೆವೆಲ್ (ನೆಲದ ಏರುತಗ್ಗು ಅಳೆಯುವ ದುರ್ಬೀನುಳ್ಳ ಸರ್ವೆ ಉಪಕರಣ) ಮಂಡ್ಯದ ಮನೆಯ ಅಟ್ಟದಲ್ಲಿ ಸಿಕ್ಕಿದೆ. ಅದರ ದುರ್ಬೀನಿನ ಕೊಳವೆಯ ಮೇಲೆ ‘ಟ್ರೌಟನ್ ಅಂಡ್ ಸಿಮ್ಸ್, ಲಂಡನ್’ ಎಂದು ಕೆತ್ತಿದೆ. ಆದರೆ ಮರದ ಪೆಟ್ಟಿಗೆಯ ಮುಚ್ಚಳದೊಳಗೆ ಅಂಟಿಸಿರುವ, ಗೆದ್ದಲು ಅರ್ಧ ತಿಂದಿರುವ ಚೀಟಿಯಲ್ಲಿ ಬೇರೊಂದು ಹೆಸರಿನ ಕೊನೆಯ ಮೂರು ಅಕ್ಷರಗಳೂ ‘ಮದ್ರಾಸ್’ ಎಂಬ ಪದವೂ ಮಾತ್ರ ಉಳಿದಿವೆ.

ಲಂಡನ್ನಿನ ಆ ಸಂಸ್ಥೆ 1826ರಲ್ಲಿ ಆರಂಭವಾಗಿ, 1922ರಲ್ಲಿ ಯಾರ್ಕ್‌ನ ಕುಕ್ ಸಂಸ್ಥೆಯೊಡನೆ ಸೇರಿ ‘ಕುಕ್, ಟ್ರೌಟನ್ ಅಂಡ್ ಸಿಮ್ಸ್’ ಆಯಿತೆಂದು ಓದಿದ್ದೇನೆ. ತಾತ ಕೆಲಸಕ್ಕೆ ಸೇರಿದ್ದು 1929ರಲ್ಲಿ. ಅಂದರೆ ಉಪಕರಣ ಅವರ ಕೈಗೆ ಬರುವ ಮೊದಲೇ ಹಳೆಯದಾಗಿದ್ದಿರಬೇಕು. ಭೂತಗನ್ನಡಿ ಹಿಡಿದು ಹುಡುಕಿದರೂ ಕ್ರಮಸಂಖ್ಯೆ ಕಾಣಲಿಲ್ಲ. ಮೈಸೂರಿನ ಹಳೆಯ ಸಾಮಾನಿನ ಅಂಗಡಿಯೊಂದಕ್ಕೆ ಒಯ್ದಾಗ, ಅವರು ತಕ್ಕಡಿಗಿಟ್ಟು ಹಿತ್ತಾಳೆಯ ಬೆಲೆ ಹೇಳಿದ್ದು ಮನಸ್ಸಿಗೆ ನೋವುಂಟುಮಾಡಿತು. (ಹುಣಸೆಹಣ್ಣು ಹಾಕಿ ಉಜ್ಜುತ್ತೇನೆಂದ ಅಮ್ಮನನ್ನು, ಹಳೆಯ ಮೆರುಗೆಣ್ಣೆ ಹೋದೀತೆಂದು ತಡೆದಿದ್ದೇನೆ.)

ಆಗಿನ ವ್ಯಾಪಾರಿಗಳು ಬೇರೆಯವರು ತಯಾರಿಸಿದ ಉಪಕರಣಗಳನ್ನು ಮಾರುವುದರ ಜೊತೆಗೆ ದುರಸ್ತಿಯನ್ನೂ ಮಾಡುತ್ತಿದ್ದುದರಿಂದ ನನಗೆ ಗೊಂದಲವಾಗಿದೆ. ಈ ಚೀಟಿ ಮೊದಲು ಮಾರಿದವರದೋ, ಆಮೇಲೆ ದುರಸ್ತಿ ಮಾಡಿದವರದೋ ಎಂಬುದನ್ನು ಉಪಕರಣದ ಯಾವ ಗುರುತಿನಿಂದ ತಿಳಿಯಬಹುದು? ಬಲ್ಲವರು ದಯವಿಟ್ಟು ತಿಳಿಸಿ.