ದಿನಾ ಸೇಡಂ ಓಡಾಟಕ್ಕೆ ಹೈಬ್ರಿಡ್ ಗಾಡಿ ಲೆಕ್ಕಕ್ಕೆ ಬರುತ್ತಾ?

ಸೇಡಂ ರೋಡ್ ಟೀಚರ್:

ಎಲ್ಲರಿಗೂ ನಮಸ್ಕಾರ. ನನ್ನ ಮನೆ ಕಲಬುರಗಿ, ಶಾಲೆ ಸೇಡಂ ಹತ್ತಿರ. ಹೋಗಿ ಬರೋಕೆ ದಿನಕ್ಕೆ ನೂರು ಕಿಲೋಮೀಟರ್ ಆಸುಪಾಸು. ಹನ್ನೆರಡು ವರ್ಷದ ಡೀಸೆಲ್ ಗಾಡಿ ಇದೆ, ಇನ್ನೂ ಓಡುತ್ತೆ. ಆದರೆ ಕ್ಲಚ್ ತುಳಿದು ತುಳಿದು ನನ್ನ ಎಡ ಮೊಣಕಾಲು ಹೋಗಿದೆ. ಸಿಮೆಂಟ್ ಲಾರಿಗಳ ಹಿಂದೆ ಎರಡನೇ ಗೇರ್, ಮೂರನೇ ಗೇರ್ ಅಂತ ಹೋಗೋದರಲ್ಲೇ ಬೆಳಗ್ಗೆ ಮುಗಿಯುತ್ತೆ. ಡಾಕ್ಟರ್ ಗೇರ್ ಇಲ್ಲದ ಗಾಡಿ ನೋಡಿ ಅಂದರು.

ಮಾರುತಿಯ ಗ್ರ್ಯಾಂಡ್ ವಿಟಾರಾ, ಟೊಯೋಟಾದ ಹೈರೈಡರ್ ಎರಡನ್ನೂ ನೋಡಿ ಬಂದೆ. ಎರಡರಲ್ಲೂ ಹೈಬ್ರಿಡ್ ಅಂತಾರೆ, ಒಂದು ಕಡಿಮೆ ರೇಟು, ಒಂದು ಜಾಸ್ತಿ ರೇಟು. ಲೀಟರಿಗೆ 27.97 ಅಂತ ಹೇಳಿದ ಹುಡುಗನಿಗೆ ಬ್ಯಾಟರಿ ಹೇಗೆ ಚಾರ್ಜ್ ಆಗುತ್ತೆ ಅಂತ ಕೇಳಿದರೆ "ಆಟೋಮ್ಯಾಟಿಕ್ ಮೇಡಂ" ಅಂದ, ಅಷ್ಟೇ. ನಮ್ಮ ಕಡೆ ಬಿಸಿಲಲ್ಲಿ, ನಮ್ಮ ಧೂಳಲ್ಲಿ ಓಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಬೆಂಗಳೂರಿನವರ ವಿಡಿಯೋ ನೋಡಿ ಸಾಕಾಗಿದೆ.

ತೊಗರಿ ದಲಾಲಿ:

ಅಕ್ಕೋರೇ, ನಾನು ಓಡಿಸ್ತೀನಿ. ಎರಡೂವರೆ ವರ್ಷ, 61 ಸಾವಿರ ಕಿಲೋಮೀಟರ್ ಆಯ್ತು. ನೀವು ಹೇಳಿದ ಎರಡರಲ್ಲಿ ಒಂದು. ಯಾವುದು ಅಂತ ಕೇಳಬೇಡಿ. ಒಳಗಿನ ಇಂಜಿನ್, ಮೋಟರ್, ಬ್ಯಾಟರಿ ಎಲ್ಲಾ ಒಂದೇ, ಮೂತಿ ಬೇರೆ. ಎರಡೂ ಬಿಡದಿ ಫ್ಯಾಕ್ಟರಿಯಲ್ಲಿ ಹುಟ್ಟಿದ ಅಕ್ಕ-ತಂಗಿ, 2022ರಲ್ಲಿ ಬಂದವು.

ಮೊದಲು ಆ ಎರಡು ರೇಟಿನ ವಿಷಯ. ಕಡಿಮೆ ರೇಟಿನದಕ್ಕೆ ಮೈಲ್ಡ್ ಹೈಬ್ರಿಡ್ ಅಂತಾರೆ. ಅದು ಹೆಸರಿಗೆ ಮಾತ್ರ. ಇಂಜಿನ್ನಿಗೆ ಸಣ್ಣದೊಂದು ಕೈ ಕೊಡುತ್ತೆ, ಬರೀ ಕರೆಂಟಿನ ಮೇಲೆ ಒಂದು ಮಾರು ಕೂಡ ಓಡೋದಿಲ್ಲ. ಜಾಸ್ತಿ ರೇಟಿನದು ಸ್ಟ್ರಾಂಗ್ ಹೈಬ್ರಿಡ್. 1490 ಸಿಸಿ, ಮೂರು ಸಿಲಿಂಡರ್ ಪೆಟ್ರೋಲ್ ಇಂಜಿನ್, ಜೊತೆಗೆ ಒಂದು ಮೋಟರ್. ಇದು ನಿಜವಾಗಿ ಇಂಜಿನ್ ಬಂದ್ ಮಾಡಿ ಓಡುತ್ತೆ. 27.97 ಅನ್ನೋ ಅಂಕಿ ಇದರದು. ಬುಕಿಂಗ್ ಚೀಟಿಯಲ್ಲಿ ಯಾವುದು ಬರೆದಿದ್ದಾರೆ ನೋಡಿಕೊಂಡು ರೊಕ್ಕ ಕೊಡಿ.

ಬ್ಯಾಟರಿಗೆ ಪ್ಲಗ್ ಇಲ್ಲ, ಚುಚ್ಚೋದು ಏನೂ ಇಲ್ಲ. ನೀವು ಬ್ರೇಕ್ ಒತ್ತಿದಾಗ, ಇಳಿಜಾರಲ್ಲಿ ಕಾಲು ತೆಗೆದಾಗ ಮೋಟರ್ ತಿರುಗಿ ಬ್ಯಾಟರಿ ತುಂಬುತ್ತೆ. ಉಳಿದಿದ್ದನ್ನು ಇಂಜಿನ್ ತುಂಬುತ್ತೆ. ಬ್ಯಾಟರಿ ಭಾಳ ಸಣ್ಣದು, ಒಂದು ಯೂನಿಟ್ ಕರೆಂಟ್ ಕೂಡ ಹಿಡಿಯೋದಿಲ್ಲ. ಪೂರ್ತಿ ಕರೆಂಟಿನ ಗಾಡಿಗಳು ಮೂವತ್ತು, ನಲವತ್ತು ಯೂನಿಟ್ ಹೊತ್ತುಕೊಂಡು ಓಡಾಡುತ್ತವೆ. ಅದು ಕಣಜ, ಇದು ಅಂಗಡಿಯವನ ಗಲ್ಲಾ ಪೆಟ್ಟಿಗೆ. ಬರ್ತಾ ಇರುತ್ತೆ, ಹೋಗ್ತಾ ಇರುತ್ತೆ.

ಈಗ ಮೈಲೇಜ್. 27.97 ಅಂದರೆ ನಮ್ಮ ದಂಧೆಯ ಸ್ಯಾಂಪಲ್ ಪೊಟ್ಟಣ ಇದ್ದ ಹಾಗೆ. ಲಾರಿ ಇಳಿಸಿದ ಮೇಲೆ ಹಸಿ ಎಷ್ಟು, ಕಸ ಎಷ್ಟು ಅಂತ ಗೊತ್ತಾಗೋದು. ನಾನು ಪೆಟ್ರೋಲ್ ಹಾಕಿಸಿದ್ದೆಲ್ಲಾ ಅಂಗಡಿ ಕಿರ್ದಿಯಲ್ಲೇ ಬರೀತೀನಿ, ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ. ಇವತ್ತಿನ ತನಕ ಸರಾಸರಿ 21.4. ಡಿಸೆಂಬರ್-ಜನವರಿಯಲ್ಲಿ 24 ದಾಟಿದೆ. ಏಪ್ರಿಲ್-ಮೇನಲ್ಲಿ 18.6ಕ್ಕೆ ಬಿದ್ದಿದೆ. ಅದೇ ರಸ್ತೆ, ಅದೇ ಕಾಲು.

ಯಾಕೆ ಬೀಳುತ್ತೆ ಅಂತ ಒಂದು ದಿನ ಕೂತು ನೋಡಿದೆ. ಮೇ ತಿಂಗಳು, ಎಪಿಎಂಸಿ ಯಾರ್ಡ್ ಹೊರಗೆ ಒಂದು ಪಾರ್ಟಿಗೆ ಕಾಯ್ತಾ ಇದ್ದೆ. ಹೊರಗೆ 43 ಡಿಗ್ರಿ. ಗಾಡಿ ನಿಂತಿದೆ, ಎಸಿ ಓಡ್ತಾ ಇದೆ, ಇಂಜಿನ್ ಬಂದ್, ಸಪ್ಪಳ ಇಲ್ಲ. ಈ ಗಾಡಿಯ ಎಸಿ ಬ್ಯಾಟರಿ ಮೇಲೆ ಓಡುತ್ತೆ. ಆಹಾ, ಪುಕ್ಕಟೆ ಗಾಳಿ ಅಂದುಕೊಂಡೆ. ಆರು ನಿಮಿಷ ಆಗಿರಲಿಲ್ಲ, ಇಂಜಿನ್ ಗುರ್ ಅಂತ ಎದ್ದಿತು. ಬ್ಯಾಟರಿ ತುಂಬಿಸಿ ಮಲಗಿತು. ಮತ್ತೆ ಐದು ನಿಮಿಷಕ್ಕೆ ಎದ್ದಿತು. ಪಾರ್ಟಿ ಬರೋ ತನಕ ಹೀಗೇ ಏಳೋದು, ಮಲಗೋದು, ತೊಟ್ಟಿಲ ಕೂಸಿನ ಹಾಗೆ. ಪುಕ್ಕಟೆ ಏನೂ ಇಲ್ಲ ಅಕ್ಕೋರೇ. ಗಲ್ಲಾ ಖಾಲಿಯಾದರೆ ಯಾರೋ ತುಂಬಬೇಕಲ್ವಾ.

ಇನ್ನೊಂದು, ಊರೊಳಗೆ ಇದು ರಾಜ. ಸೂಪರ್ ಮಾರ್ಕೆಟ್ ಸುತ್ತ ನಿಂತು ನಿಂತು ಹೋಗುವಾಗಲೇ ಜಾಸ್ತಿ ಕೊಡುತ್ತೆ, ನಮ್ಮ ಹಳೇ ಗಾಡಿಗಳಿಗೆ ಉಲ್ಟಾ. ಹುಮನಾಬಾದ್ ದಾಟಿ ಹೈದರಾಬಾದ್ ರಸ್ತೆ ಹಿಡಿದು 110ರಲ್ಲಿ ಬಿಟ್ಟರೆ ಇಂಜಿನ್ ಮಲಗೋದೇ ಇಲ್ಲ, ಆಗ 18-19. ನೀವು ಸಿಮೆಂಟ್ ಲಾರಿ ಹಿಂದೆ ನಿಧಾನಕ್ಕೆ ಹೋಗ್ತೀರಿ ಅಂದರಲ್ಲ, ಈ ಗಾಡಿಗೆ ಅದೇ ಬೇಕು. ಲಾರಿ ಹಿಂದೆ ಬಿದ್ದಿದ್ದಕ್ಕೆ ಖುಷಿ ಪಡೋ ಗಾಡಿ ಇದೊಂದೇ.

ಲೆಕ್ಕ ಹೇಳ್ತೀನಿ. ತಿಂಗಳಿಗೆ 2600 ಕಿಲೋಮೀಟರ್ ಹಿಡಿಯಿರಿ, ಪೆಟ್ರೋಲ್ 103 ರೂಪಾಯಿ ಹಿಡಿಯಿರಿ. 15 ಕೊಡೋ ಪೆಟ್ರೋಲ್ ಗಾಡಿಗೆ 17,850 ಖರ್ಚು. ಇದು 21 ಕೊಟ್ಟರೆ 12,750. ತಿಂಗಳಿಗೆ 5,100 ಉಳಿಯಿತು. ಆದರೆ ನಾನು ತೊಗೊಂಡಾಗ ಎರಡರ ನಡುವೆ ಮೂರು ಲಕ್ಷದ ಹತ್ತಿರ ಅಂತರ ಇತ್ತು. ಅದರ ಮೇಲೆ ನಮ್ಮ ರಾಜ್ಯದ ರೋಡ್ ಟ್ಯಾಕ್ಸ್, 10ರಿಂದ 20 ಲಕ್ಷದ ಗಾಡಿಗೆ ನೂರಕ್ಕೆ 17, ಸೆಸ್ ಬೇರೆ. ಅಲ್ಲಿಗೆ ಅಂತರ ಮೂರೂವರೆ ಲಕ್ಷ ಆಯ್ತು. ಉತ್ತರ ಪ್ರದೇಶದವರು 2024ರಲ್ಲಿ ಸ್ಟ್ರಾಂಗ್ ಹೈಬ್ರಿಡ್ಡಿಗೆ ಟ್ಯಾಕ್ಸೇ ತೆಗೆದು ಹಾಕಿದರು. ನಾನಂತೂ ಇಲ್ಲಿ ಪಾಸಿಂಗ್ ಮಾಡಿಸುವಾಗ ಪೈಸೆ ಬಿಡದೆ ಕಟ್ಟಿದ್ದೀನಿ. ಅಂದರೆ ನಿಮ್ಮ ರೊಕ್ಕ ವಾಪಸ್ ಬರೋಕೆ ಐದೂವರೆ-ಆರು ವರ್ಷ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸೋರು ಇದನ್ನು ತೊಗೊಂಡರೆ ಮೊಮ್ಮಕ್ಕಳಿಗೆ ಲಾಭ.

ಮೈಲೇಜ್ ಆಸೆಗೆ ತೊಗೋಬೇಡಿ. ನಿಮ್ಮ ಮೊಣಕಾಲಿಗೆ ತೊಗೊಳ್ಳಿ. ಕ್ಲಚ್ ಇಲ್ಲ, ಗೇರ್ ಬದಲಾಗೋ ಜಗ್ಗಾಟ ಇಲ್ಲ, ಸಂಜೆ ಮನೆಗೆ ಬಂದಾಗ ತಲೆ ಹಗುರ ಇರುತ್ತೆ. ಅದಕ್ಕೆ ಕಿರ್ದಿಯಲ್ಲಿ ಕಲಂ ಇಲ್ಲ.

ಸೇಡಂ ರೋಡ್ ಟೀಚರ್:

ಸಾವ್ಕಾರ್ರೇ, ಇಷ್ಟು ಬರೆದಿದ್ದಕ್ಕೆ ಭಾಳ ಉಪಕಾರ. ಕೆಟ್ಟದ್ದನ್ನು ನೀವು ಹೇಳಲೇ ಇಲ್ಲ. ಎರಡೂವರೆ ವರ್ಷದಲ್ಲಿ ಏನೂ ತೊಂದರೆ ಕೊಟ್ಟಿಲ್ವಾ?

ತೊಗರಿ ದಲಾಲಿ:

ಕೊಟ್ಟಿದೆ, ನನ್ನ ತಪ್ಪಿಗೆ. ಹಿಂದಿನ ಸೀಟಿನ ಕಡೆ ಒಂದು ಸಣ್ಣ ಜಾಲಿ ಇದೆ. ಬ್ಯಾಟರಿ ತಣ್ಣಗೆ ಇರೋಕೆ ಅಲ್ಲಿಂದ ಒಳಗಿನ ಗಾಳಿ ಎಳೆದುಕೊಳ್ಳುತ್ತೆ. ನನಗೆ ಯಾರೂ ಹೇಳಿರಲಿಲ್ಲ, ಪುಸ್ತಕ ನಾನು ಓದಿರಲಿಲ್ಲ. ಸುಗ್ಗಿಯಲ್ಲಿ ತೊಗರಿ ಸ್ಯಾಂಪಲ್ ಚೀಲಗಳನ್ನು ಹಿಂದಿನ ಸೀಟಿಗೆ ಒಗೆಯೋದು ನನ್ನ ರೂಢಿ. ಡಿಕ್ಕಿ ಸಣ್ಣದು, ಬ್ಯಾಟರಿ ಕೆಳಗೆ ಕೂತು ನೆಲ ಎತ್ತರ ಮಾಡಿದೆ, ಎರಡು ದೊಡ್ಡ ಸೂಟ್‌ಕೇಸ್ ಇಟ್ಟರೆ ಮುಗೀತು. ಅದಕ್ಕೇ ಎಲ್ಲಾ ಸೀಟಿನ ಮೇಲೆ. ಫೆಬ್ರವರಿಯಲ್ಲಿ ಒಂದು ದಿನ ಮಳಖೇಡ ದಾಟುವಾಗ ಮುಂದೆ ಹಳದಿ ಸೂಚನೆ ಬಂತು. ವರ್ಕ್‌ಶಾಪಿನಲ್ಲಿ ಹುಡುಗ ಆ ಜಾಲಿ ಬಿಚ್ಚಿ ಒಳಗಿನ ಫಿಲ್ಟರ್ ಹೊರಗೆ ಎಳೆದ. ಅಂಗೈ ಅಗಲದ್ದು, ಅದರ ಮೇಲೆ ತೊಗರಿ ಹೊಟ್ಟು, ಸುಣ್ಣದಂಥ ಧೂಳು ಕೂಡಿ ಕಂಬಳಿ ನೇಯ್ದ ಹಾಗೆ ಕೂತಿತ್ತು. ಉಗುರಿಂದ ಎತ್ತಿದರೆ ಒಂದೇ ಹಾಳೆಯಾಗಿ ಎದ್ದು ಬಂತು. ಒಳಗೆ ಎರಡು ತೊಗರಿ ಕಾಳು ಕೂಡ ಸಿಕ್ಕವು. ಹುಡುಗ ನನ್ನ ಮುಖ ನೋಡಿದ, ನಾನು ಗೋಡೆ ನೋಡಿದೆ.

ಈಗ ತಿಂಗಳಿಗೊಮ್ಮೆ ನಾನೇ ನೋಡಿಸ್ತೀನಿ. ನಿಮ್ಮದು ಸಿಮೆಂಟ್ ರಸ್ತೆ, ಕಲ್ಲಿನ ಗಣಿ ಲಾರಿ ರಸ್ತೆ. ಕಿಟಕಿ ಹಾಕಿಕೊಂಡೇ ಓಡಿಸಿ. ಆ ಜಾಲಿ ಮೇಲೆ ಮಕ್ಕಳ ನೋಟ್‌ಬುಕ್ ಕಟ್ಟು ಇಡಬೇಡಿ.

ಬೀದರ್ ಕೋಟೆ ಕಡೆಯವ:

ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ದಿನಾ ನೂರು ಕಿಲೋಮೀಟರ್, ಒಂದೇ ರಸ್ತೆ, ರಾತ್ರಿ ಗಾಡಿ ಮನೆಯಲ್ಲೇ ಅಂದರೆ ಪೂರ್ತಿ ಎಲೆಕ್ಟ್ರಿಕ್ ಯಾಕೆ ಬೇಡ ಮೇಡಂ? ನನ್ನದು ಎಲೆಕ್ಟ್ರಿಕ್. ಬೀದರಿನಿಂದ ಹುಮನಾಬಾದ್, ಬಸವಕಲ್ಯಾಣ ಎಲ್ಲಾ ಸುತ್ತುತ್ತೀನಿ. ಯೂನಿಟ್ಟಿಗೆ ಆರೇಳು ಕಿಲೋಮೀಟರ್ ಬರುತ್ತೆ, ಮನೆ ಕರೆಂಟಿನಲ್ಲಿ ಕಿಲೋಮೀಟರಿಗೆ ಒಂದು ರೂಪಾಯಿ ಚಿಲ್ಲರೆ. ದಲಾಲಿ ಅಣ್ಣಾವ್ರ ಲೆಕ್ಕದಲ್ಲಿ ಪೆಟ್ರೋಲಿಗೇ ಕಿಲೋಮೀಟರಿಗೆ ಐದು ರೂಪಾಯಿ ಹತ್ತಿರ. ಹೈಬ್ರಿಡ್ ಅಂದರೆ ಕೊನೆಗೂ ಪೆಟ್ರೋಲ್ ಗಾಡಿನೇ. ಬಂಕಿಗೆ ಹೋಗೋದು ತಪ್ಪೋದಿಲ್ಲ.

ಸೇಡಂ ರೋಡ್ ಟೀಚರ್:

ಅದನ್ನೂ ನೋಡಿದೆ ಅಣ್ಣಾ. ನಮ್ಮದು ಬಾಡಿಗೆ ಮನೆ, ಮೇಲಿನ ಮಹಡಿ. ಕೆಳಗೆ ಚಾರ್ಜರ್ ಹಾಕಿಸ್ತೀನಿ, ಬೇರೆ ಮೀಟರ್ ನಾನೇ ತೊಗೊಳ್ತೀನಿ ಅಂದೆ. ಮಾಲೀಕರು "ಗೋಡೆ ಕೊರೆಯೋದು ಬೇಡಮ್ಮ" ಅಂದರು. ಮೊಳೆ ಹೊಡೆಯೋಕೂ ಬಿಡದ ಜನ ಅವರು. ಸ್ವಂತ ಮನೆ ಆಗೋ ತನಕ ಆ ಆಸೆ ಇಲ್ಲ.

ಬೀದರ್ ಕೋಟೆ ಕಡೆಯವ:

ಹಾಗಾದರೆ ನನ್ನ ಮಾತು ವಾಪಸ್. ಮನೆಯಲ್ಲಿ ಚಾರ್ಜಿಂಗ್ ಇಲ್ಲದೆ ನಾನೂ ತೊಗೊಳ್ತಿರಲಿಲ್ಲ.

ಪಾನಾ ಪಕ್ಕಡ್ 33:

ನಾನು ಯಾದಗಿರಿ, ಗ್ಯಾರೇಜ್ ಕೆಲಸ. ಎರಡು ಮಾತು ಹೇಳಿ ಹೋಗ್ತೀನಿ, ಕೈ ತುಂಬಾ ಆಯಿಲ್ ಇದೆ.

ಈ ಗಾಡಿಯಲ್ಲಿ ಎರಡು ಬ್ಯಾಟರಿ. ದೊಡ್ಡದಕ್ಕೆ ಕಂಪನಿ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಕೊಡುತ್ತೆ, ಅದರ ಬಗ್ಗೆ ಜನ ಸುಮ್ನೆ ಹೆದರ್ತಾರೆ. ನನ್ನ ಹತ್ತಿರ ಬರೋದು ಸಣ್ಣ 12 ವೋಲ್ಟ್ ಬ್ಯಾಟರಿ ಕೇಸ್. ಗಾಡಿ ಎರಡು ವಾರ ನಿಲ್ಲಿಸಿ ಊರಿಗೆ ಹೋಗ್ತಾರೆ, ಡೋರ್ ಸರಿಯಾಗಿ ಹಾಕಿರೋದಿಲ್ಲ, ಒಳಗೆ ಲೈಟ್ ಉರಿದು ಅದು ಖಾಲಿ. ಆಮೇಲೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಏಳೋದಿಲ್ಲ. ಮುಂದೆ ರೆಡಿ ಅಂತ ಲೈಟ್ ಬರಬೇಕು, ಅದನ್ನು ಎಬ್ಬಿಸೋದು ಸಣ್ಣ ಬ್ಯಾಟರಿ. ತಳ್ಳಿ ಸ್ಟಾರ್ಟ್ ಮಾಡೋಣ ಅಂತ ಓಣಿ ಹುಡುಗರನ್ನು ಕರೀಬೇಡಿ, ತಳ್ಳಿದರೆ ಇದು ಸ್ಟಾರ್ಟ್ ಆಗೋ ಗಾಡಿ ಅಲ್ಲ. ಬೇರೆ ಬ್ಯಾಟರಿಯಿಂದ ಕೇಬಲ್ ಕೊಟ್ಟರೆ ಸಾಕು.

ಎರಡನೇದು, ಬಾನೆಟ್ ಕೆಳಗೆ ಕಿತ್ತಳೆ ಬಣ್ಣದ ದಪ್ಪ ವೈರ್ ಇರುತ್ತೆ. ಅದು ಕೈ ಹಾಕೋ ಜಾಗ ಅಲ್ಲ, ಕರೆಂಟ್ ಹೊಡೆದರೆ ಮನುಷ್ಯ ಉಳಿಯೋದಿಲ್ಲ. ನಾನೂ ಮುಟ್ಟೋದಿಲ್ಲ, ಕಂಪನಿಗೆ ಕಳಿಸ್ತೀನಿ. ಹೊಲದ ಪಕ್ಕ, ಗೋದಾಮು ಪಕ್ಕ ನಿಲ್ಲಿಸಿದರೆ ಇಲಿ ನೋಡಿಕೊಳ್ಳಿ. ಇಲಿಗೆ ಬಣ್ಣ ಗೊತ್ತಾಗೋದಿಲ್ಲ.

ಹಾಂ, ಮಳೆಗಾಲ. ಕಾಗಿಣಾ ಉಕ್ಕಿ ಮಳಖೇಡ ಸೇತುವೆ ಮೇಲೆ ನೀರು ಬಂದರೆ ಯಾವ ಗಾಡಿನೂ ಇಳಿಸಬೇಡಿ, ಇದನ್ನಂತೂ ಬೇಡವೇ ಬೇಡ. ಇನ್ಶೂರೆನ್ಸ್ ಮಾಡಿಸುವಾಗ ಇಂಜಿನ್ ಪ್ರೊಟೆಕ್ಟ್ ಸೇರಿಸಿ. ಇಂಜಿನ್ ಒಳಗೆ ನೀರು ಹೊಕ್ಕಿದ್ದು ಸಾದಾ ಪಾಲಿಸಿಯಲ್ಲಿ ಸಾಮಾನ್ಯವಾಗಿ ಬರೋದಿಲ್ಲ.

ತೊಗರಿ ದಲಾಲಿ:

ಪಾನಾ ಹೇಳಿದ್ದು ನೂರಕ್ಕೆ ನೂರು. ಒಂದು ಸೇರಿಸ್ತೀನಿ. ಕಮಲಾಪುರ ಕಡೆ ಏರಿನಲ್ಲಿ ಐದು ಜನ ತುಂಬಿಕೊಂಡು ಪೂರ್ತಿ ಒತ್ತಿದರೆ ಇಂಜಿನ್ ಕೂಗುತ್ತೆ, ಗಾಡಿ ಅಷ್ಟು ಜಿಗಿಯೋದಿಲ್ಲ. ಮೊದಲ ಸಲ ನಮ್ಮ ಮಾವ "ಏನೋ ಕೆಟ್ಟಿದೆ, ನಿಲ್ಲಿಸು" ಅಂದರು. ಕೆಟ್ಟಿಲ್ಲ, ಅದರ ಗಂಟಲೇ ಹಾಗೆ. ಮೆಲ್ಲಗೆ ಒತ್ತಿದರೆ ಸುಮ್ನಿರುತ್ತೆ. ಕೆಂಪು ಬಾಳೆ ತೊಗೊಳ್ಳೋಕೆ ಅಲ್ಲಿ ಹೇಗೂ ನಿಲ್ಲಿಸಲೇಬೇಕಲ್ವಾ, ಅವಸರ ಯಾಕೆ.

ಟೆಸ್ಟ್ ಡ್ರೈವ್ ಕೊಡುವಾಗ ಶೋರೂಮಿನವರು ಸಾಯಂಕಾಲ ಕರೀತಾರೆ. ನೀವು ಮಧ್ಯಾಹ್ನ ಎರಡಕ್ಕೆ ಹೋಗಿ. ಎಸಿ ಪೂರ್ತಿ ಹಾಕಿಸಿ, ಮನೆಯವರನ್ನೆಲ್ಲಾ ಕೂರಿಸಿ, ರಿಂಗ್ ರೋಡ್ ಒಂದು ಸುತ್ತು. ಆಮೇಲೆ ಗಾಡಿ ನಿಲ್ಲಿಸಿ ಹತ್ತು ನಿಮಿಷ ಸುಮ್ನೆ ಕೂತು ಕೇಳಿ.

ಸೇಡಂ ರೋಡ್ ಟೀಚರ್:

ಭಾನುವಾರ ಮಧ್ಯಾಹ್ನ ಎರಡಕ್ಕೆ ಅಂತ ಫೋನ್ ಮಾಡಿ ಹೇಳಿದೆ. "ಬಿಸಿಲು ಮೇಡಂ, ಆರಕ್ಕೆ ಬನ್ನಿ" ಅಂದ ಆ ಹುಡುಗ. ಎರಡಕ್ಕೇ ಬರ್ತೀನಿ ಅಂದೆ. ಅತ್ತೆಯವರೂ ಬರ್ತಾರೆ, ಅವರಿಗೆ ಹಿಂದಿನ ಸೀಟಿನ ಜಾಲಿ ಎಲ್ಲಿದೆ ನೋಡಬೇಕಂತೆ.