ಹಾರ್ಡ್‌ಡಿಸ್ಕಲ್ಲಿ ಬ್ಯಾಡ್ ಸೆಕ್ಟರ್ (ಓದೋಕಾಗದ ಜಾಗ), ಕಾಪಿ 31 ಪರ್ಸೆಂಟಿಗೇ ನಿಲ್ತಿದೆ

ಕಾಫಿಕಣ: ತೋಟದ ಏಳು ವರ್ಷದ ಲೆಕ್ಕ, ಮನೆಯ ಫೋಟೊ ಎಲ್ಲ ಇದೇ ಡಿಸ್ಕಲ್ಲಿದೆ. ಕಾಪಿ ಹಾಕಿದ್ರೆ 31ಕ್ಕೆ ಬಂದು ನಿಂತುಬಿಡುತ್ತೆ. ಚೆಕ್‌ಡಿಸ್ಕ್ (ವಿಂಡೋಸಿನ ಡಿಸ್ಕ್ ರಿಪೇರಿ ಪ್ರೋಗ್ರಾಮ್) ಎರಡು ಸಲ ಓಡಿಸಿದೆ, ಇನ್ನೂ ನಿಧಾನ ಆಯ್ತು. ಬೇಗ ಯಾರಾದ್ರೂ ಹೇಳಿ.

ಪುಷ್ಪಗಿರಿ: ಚೆಕ್‌ಡಿಸ್ಕ್ ಮತ್ತೆ ಮುಟ್ಟಬೇಡಿ. ಸಾಯ್ತಿರೋ ಡಿಸ್ಕನ್ನ ಪೂರ್ತಿ ಓದಿಸಿ, ಅದರ ಮೇಲೇ ಬರೆಯುತ್ತೆ. ಫೈಲ್ ತುಂಡಾಗೋದು ಅಲ್ಲೇ. ಡಿಸ್ಕ್ ಎಷ್ಟು ಟಿಬಿ? ಸ್ಮಾರ್ಟಲ್ಲಿ (ಡಿಸ್ಕ್ ತನ್ನ ಆರೋಗ್ಯ ತಾನೇ ಬರೆದಿಡೋ ಪಟ್ಟಿ) 5 (ಬದಲಿಸಿದ ಸೆಕ್ಟರ್), 197 ಮತ್ತು 198 (ಓದೋಕಾಗದ ಸೆಕ್ಟರ್), 199 (ಕೇಬಲ್ ದೋಷ) ಇವುಗಳ ರಾ ವ್ಯಾಲ್ಯೂ, ಅಂದ್ರೆ ನೇರ ಎಣಿಕೆ, ಹಾಕಿ. ಟಕ್ ಟಕ್ ಶಬ್ದ ಬರ್ತಿದ್ರೆ ಈಗಲೇ ಆಫ್ ಮಾಡಿ, ಅದು ಡೇಟಾ ರಿಕವರಿ ಲ್ಯಾಬಿನ ಕೆಲಸ.

ಮಳೆಗಾಲ: ಕೇಬಲ್ ನೋಡಿ ಸಾರ್. ಮಡಿಕೇರಿ ಮಳೆಗೆ ಕನೆಕ್ಟರ್ ಪಿನ್ನು ಕಪ್ಪಾಗುತ್ತೆ. ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ.

ಕಾಫಿಕಣ: 1 ಟಿಬಿ, ಲ್ಯಾಪ್‌ಟಾಪ್ ಡಿಸ್ಕು, ಯುಎಸ್‌ಬಿ ಕೇಸಲ್ಲಿದೆ. ಶಬ್ದ ಇಲ್ಲ. 5: 48, 197: 312, 198: 312, 199: 0.

ಪುಷ್ಪಗಿರಿ: 199 ಸೊನ್ನೆ ಅಂದ್ರೆ ಸಾಟಾ (ಡಿಸ್ಕಿನ ನೇರ ಕನೆಕ್ಷನ್) ಕೇಬಲಿನ ದೂರಿಲ್ಲ. 312 ಸೆಕ್ಟರ್ ಓದೋಕೆ ಬರ್ತಿಲ್ಲ, ಪ್ಲ್ಯಾಟರೇ (ಡೇಟಾ ಇರೋ ಒಳಗಿನ ತಟ್ಟೆ) ಹೋಗ್ತಿದೆ.

ಮಳೆಗಾಲ: ಕೇಸಿನ ಯುಎಸ್‌ಬಿ ಕೇಬಲ್ 199ರಲ್ಲಿ ಬರೋದೇ ಇಲ್ಲ. ಅದನ್ನ ಯಾಕೆ ಬಿಡ್ತೀರಿ?

ಪುಷ್ಪಗಿರಿ: ಒಪ್ಪಿದೆ. ಅದಕ್ಕೇ ಕೇಸ್ ಬಿಚ್ಚಿ ಅಂತೀನಿ. ಕೆಟ್ಟ ಸೆಕ್ಟರಿಗೆ ಡಿಸ್ಕ್ ತಡ ಮಾಡಿದ್ರೆ ಕೇಸಿನ ಬೋರ್ಡು ಕಾಯದೆ ರೀಸೆಟ್ ಆಗುತ್ತೆ.

ಕಾಫಿಕಣ: ಲ್ಯಾಪ್‌ಟಾಪಲ್ಲಿ ಸಾಟಾ ಒಂದೇ ಇದೆ.

ಪುಷ್ಪಗಿರಿ: ಸಾಕು. ಲ್ಯಾಪ್‌ಟಾಪಿನ ಡಿಸ್ಕ್ ತೆಗೆದು ಅಲ್ಲಿ ಕೆಟ್ಟದ್ದನ್ನ ಕೂರಿಸಿ, ಪೆನ್‌ಡ್ರೈವಿಂದ ಲಿನಕ್ಸ್ ಬೂಟ್ ಮಾಡಿ. 1 ಟಿಬಿಗೆ ಕಮ್ಮಿ ಇಲ್ಲದ ಖಾಲಿ ಡಿಸ್ಕ್ ಯುಎಸ್‌ಬಿಗೆ ಹಾಕಿ. ಯಾವುದು ಮೂಲ, ಯಾವುದು ಖಾಲಿ ಅಂತ ಸೀರಿಯಲ್ ನಂಬರ್ ನೋಡಿ ಬರೆದಿಟ್ಟುಕೊಳ್ಳಿ. ಅದಲು ಬದಲಾದ್ರೆ ಲೆಕ್ಕವೆಲ್ಲ ಅಳಿಸಿಹೋಗುತ್ತೆ. ಡಿಡಿರೆಸ್ಕ್ಯೂ (ಕೆಟ್ಟ ಡಿಸ್ಕಿಂದ ಕಾಪಿ ಎತ್ತೋ ಪ್ರೋಗ್ರಾಮ್) ಮೊದಲ ಸುತ್ತು ಡಿ, ಎಫ್, ಎನ್ ಆಯ್ಕೆ ಹಾಕಿ: ಓದೋಕೆ ಬರೋದನ್ನ ಮೊದಲು ಎತ್ತಿ, ಕೆಟ್ಟ ಜಾಗ ಬಿಟ್ಟು ಮುಂದೆ ಹೋಗುತ್ತೆ. ಎರಡನೇ ಸುತ್ತು ಎನ್ ತೆಗೆದು ಆರ್ 3 (ಕೆಟ್ಟ ಜಾಗವನ್ನ ಮೂರು ಸಲ ಮತ್ತೆ ಓದಿಸೋದು). ಮ್ಯಾಪ್‌ಫೈಲ್ (ಎಲ್ಲೆಲ್ಲಿ ಓದಿ ಆಯ್ತು ಅನ್ನೋ ದಾಖಲೆ) ಇನ್ನೊಂದು ಪೆನ್‌ಡ್ರೈವಲ್ಲಿರಲಿ. ಕರೆಂಟ್ ಹೋದ್ರೂ ನಿಂತಲ್ಲಿಂದ ಶುರುವಾಗುತ್ತೆ. ಚೆಕ್‌ಡಿಸ್ಕ್ ಬೇಕಿದ್ರೆ ಆಮೇಲೆ, ಕಾಪಿಯ ಮೇಲೆ ಮಾತ್ರ.

ಹಾರಂಗಿ: ಫ್ರಿಜ್ಜಲ್ಲಿ ಒಂದು ರಾತ್ರಿ ಇಟ್ರೆ ಓದುತ್ತೆ ಅಂತಾರಲ್ಲ?

ಮಳೆಗಾಲ: ಬೇಡವೇ ಬೇಡ. ಈ ತೇವದ ಹವೆಯಲ್ಲಿ ಹೊರಗೆ ತೆಗೆದ ಕೂಡಲೇ ಬೋರ್ಡು, ಪ್ಲ್ಯಾಟರ್ ಮೇಲೆ ನೀರು ಕೂರುತ್ತೆ. ನನ್ನ ನಾಲ್ಕೂ ಡಿಸ್ಕ್ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲೇ ಇರೋದು, ಜೆಲ್ ಬಣ್ಣ ತಿರುಗಿದ ದಿನವೇ ಬಿಸಿ ಮಾಡಿ ಒಣಗಿಸ್ತೀನಿ.

ಕಾಫಿಕಣ: ಮೊದಲ ಸುತ್ತು ಮುಗೀತು. ಉಳಿದದ್ದು 41 ಎಂಬಿ. ಲೆಕ್ಕದ ಫೋಲ್ಡರ್ ಕಾಪಿಯಲ್ಲಿ ತೆರೀತಿದೆ. ಆರ್ 3 ಹಾಕಿದ್ದೀನಿ, ಈಗ ಸೆಕೆಂಡಿಗೆ ಕೆಲವೇ ಕೆಬಿ ಓಡ್ತಿದೆ.

ಮಳೆಗಾಲ: 199 ಈಗ ಎಷ್ಟಿದೆ?