ಪೋರ್ಟ್ ಖಾಲಿ ಇದ್ದರೂ ಪ್ಯಾಕೆಟ್ ಡ್ರಾಪ್, ಮಾಡ್ಯುಲರ್ ಸ್ವಿಚ್ ಒಳಗೇ ಜಾಮ್ ಆಗ್ತಿದೆಯಾ?

ತಂತಿಜೇಡ:
ಎರಡು ವಾರದಿಂದ ತಲೆ ಕೆಟ್ಟುಹೋಗಿದೆ. ನಮ್ಮದು 6 ಸ್ಲಾಟಿನ ಮಾಡ್ಯುಲರ್ ನೆಟ್‌ವರ್ಕ್ ಸ್ವಿಚ್, ಸ್ವಲ್ಪ ಹಳೇದು. 3ನೇ ಸ್ಲಾಟಲ್ಲಿ 16 ಪೋರ್ಟಿನ 10 ಗಿಗಾಬಿಟ್ ಕಾರ್ಡ್, 5ರಲ್ಲಿ ಅಂಥದ್ದೇ ಇನ್ನೊಂದು. ರಾತ್ರಿ 1 ಗಂಟೆಗೆ ಮೂರು ಸರ್ವರ್‌ಗಳ ಬ್ಯಾಕಪ್ ಒಟ್ಟಿಗೆ ಶುರುವಾಗುತ್ತದೆ, ಆಗಲೇ ಡೇಟಾಬೇಸ್ ಸರ್ವರ್ ತೆವಳೋಕೆ ಶುರು ಮಾಡುತ್ತದೆ. ವಿಚಿತ್ರ ಅಂದರೆ ಅದಕ್ಕೂ ಬ್ಯಾಕಪ್‌ಗೂ ಸಂಬಂಧವೇ ಇಲ್ಲ. ಗ್ರಾಫ್‌ನಲ್ಲಿ ಬ್ಯಾಕಪ್ ಪೋರ್ಟ್ ಮೂರೂ 31% ಹತ್ತಿರ ಬಂದು ಗೆರೆ ಎಳೆದ ಹಾಗೆ ನಿಂತುಬಿಡುತ್ತವೆ. ಕೇಬಲ್ ಬದಲಿಸಿದೆ, ಆಪ್ಟಿಕ್ಸ್ ಬದಲಿಸಿದೆ, ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟ ಫ್ರೇಮ್) ಸೊನ್ನೆ, ಸ್ವಿಚ್ ನಡೆಸುವ ಸೂಪರ್‌ವೈಸರ್ ಕಾರ್ಡಿನ ಸಿಪಿಯು 12%. ಫ್ಲೋ ಕಂಟ್ರೋಲ್ ಆನ್ ಮಾಡು ಅಂತ ಒಬ್ಬರು ಹೇಳಿದರು, ಮಾಡಿದೆ, ಇನ್ನೂ ಹಾಳಾಯ್ತು. ಕಾರ್ಡಿಂದ ಕಾರ್ಡಿಗೆ ಪ್ಯಾಕೆಟ್ ದಾಟಿಸುವ ಫ್ಯಾಬ್ರಿಕ್ ಮಾಡ್ಯೂಲೇ ಹೋಗಿದೆಯಾ?

ಹಳೇರ‍್ಯಾಕ್:
ಮೊದಲು ಆ ಫ್ಲೋ ಕಂಟ್ರೋಲ್ ಆಫ್ ಮಾಡಿ. ಅದರ 802.3x ಪಾಝ್ ಫ್ರೇಮ್ (ಸ್ವಲ್ಪ ಹೊತ್ತು ಕಳಿಸಬೇಡ ಅನ್ನೋ ಸಂದೇಶ) ಬಂತು ಅಂದರೆ ಆ ಲಿಂಕ್ ಮೇಲಿರೋದೆಲ್ಲಾ ನಿಲ್ಲುತ್ತದೆ. ತಪ್ಪು ಮಾಡಿದ ಫ್ಲೋ (ಒಂದು ಸಂಪರ್ಕದ ಪ್ಯಾಕೆಟ್ ಸಾಲು) ಯಾವುದು, ಪಾಪದ್ದು ಯಾವುದು ಅಂತ ಅದು ನೋಡೋದಿಲ್ಲ. ಸಿಪಿಯು ನೋಡಿಯೂ ಪ್ರಯೋಜನ ಇಲ್ಲ, ಪ್ಯಾಕೆಟ್ ಹೋಗೋದು ಕಾರ್ಡಿನ ಚಿಪ್‌ನಲ್ಲಿ.

ಮೂರು ವಿಷಯ ಹೇಳಿ. ಆ ಕಾರ್ಡಿಂದ ಫ್ಯಾಬ್ರಿಕ್‌ಗೆ ಎಷ್ಟು ಗಿಗಾಬಿಟ್ ದಾರಿ ಇದೆ? ಯಾವ ಸರ್ವರ್ ಯಾವ ಪೋರ್ಟಲ್ಲಿದೆ? ಔಟ್‌ಪುಟ್ ಡ್ರಾಪ್ ಬಿಡಿ, ಇನ್‌ಪುಟ್ ಕಡೆಯ ಓವರ್‌ರನ್ ಕೌಂಟರ್ (ಒಳಗೆ ಬರುವಾಗ ಜಾಗ ಸಿಗದೆ ಬಿದ್ದ ಪ್ಯಾಕೆಟ್) ಏನು ಹೇಳುತ್ತದೆ?

ತಂತಿಜೇಡ:
ಡೇಟಾಶೀಟ್ ಪ್ರಕಾರ 40. ಬ್ಯಾಕಪ್ ಸರ್ವರ್‌ಗಳು 3/1 (ಸ್ಲಾಟ್ 3, ಪೋರ್ಟ್ 1), 3/2, 3/3. ಡೇಟಾಬೇಸ್ 3/4. ಬ್ಯಾಕಪ್ ಹೋಗಿ ಬೀಳೋದು 5/1ರ ಸ್ಟೋರೇಜ್‌ಗೆ. ಓವರ್‌ರನ್ ನಾನು ನೋಡಿಯೇ ಇರಲಿಲ್ಲ, ನಾಲ್ಕೂ ಪೋರ್ಟಲ್ಲಿ ಲಕ್ಷಗಟ್ಟಲೆ ಇದೆ 😐

ಹಳೇರ‍್ಯಾಕ್:
ಸಿಕ್ಕಿತು. ಮುಂದೆ ಪೋರ್ಟೆಲ್ಲಾ ಸೇರಿ 160, ಹಿಂದೆ ಫ್ಯಾಬ್ರಿಕ್‌ಗೆ 40. ನಾಲ್ಕಕ್ಕೆ ಒಂದು. ಇಂಥ ಕಾರ್ಡುಗಳಲ್ಲಿ ಸಾಮಾನ್ಯವಾಗಿ ನಾಲ್ಕು ಪೋರ್ಟಿಗೆ ಒಂದು ಗುಂಪು, ಗುಂಪಿಗೆ 10 ಗಿಗಾಬಿಟ್. ನಿಮ್ಮ ನಾಲ್ಕೂ ಒಂದೇ ಗುಂಪಲ್ಲಿ ಕೂತಿವೆ. ಮೂರು 31 ಕೂಡಿಸಿ, 93 ಆಯ್ತು, ಅದರ ಮೇಲೆ ಡೇಟಾಬೇಸ್‌ನ ಚೂರುಪಾರು. ಗೆರೆ ಎಳೆದ ಹಾಗೆ ನಿಂತಿದ್ದು ಅದಕ್ಕೇ. ಒಂದೊಂದು ಪೋರ್ಟೂ ಖಾಲಿ, ಗುಂಪು ಮಾತ್ರ ತುಂಬಿ ತುಳುಕುತ್ತಿದೆ. ಗುಂಪಿನ ಲೆಕ್ಕ ಯಾವ ಗ್ರಾಫೂ ತೋರಿಸೋದಿಲ್ಲ.

ಫ್ಯಾಬ್ರಿಕ್ ಸರಿಯಾಗೇ ಇದೆ, ಸುಮ್ನೆ ದುಡ್ಡು ಸುರಿಯಬೇಡಿ. ಕೇಬಲ್ ಜಾಗ ಬದಲಿಸಿ: ಬ್ಯಾಕಪ್ 3/1, 3/5, 3/9, ಡೇಟಾಬೇಸ್ 3/13. ಆದರೆ ಮ್ಯಾನುಯಲ್ ನೋಡಿಕೊಂಡು. ಕೆಲವು ಕಾರ್ಡಲ್ಲಿ ಗುಂಪು ಸಾಲಾಗಿ ಇರೋದಿಲ್ಲ, ಬೆಸ ಒಂದು ಕಡೆ ಸಮ ಒಂದು ಕಡೆ ಇರುತ್ತದೆ.

ಬಫರ್‌ಭಕ್ತ:
ಬಫರ್ (ಪ್ಯಾಕೆಟ್ ಕಾಯುವ ಮೆಮೊರಿ) ಜಾಸ್ತಿ ಮಾಡಿದರೆ ಆಗೋದಿಲ್ವಾ?

ಹಳೇರ‍್ಯಾಕ್:
10 ಗಿಗಾಬಿಟ್ ವೇಗದಲ್ಲಿ 1 ಮಿಲಿಸೆಕೆಂಡಿಗೆ 1.25 ಎಂಬಿ ಬರುತ್ತದೆ. ಬ್ಯಾಕಪ್ ಓಡೋದು ಗಂಟೆಗಟ್ಟಲೆ. ಎಷ್ಟು ಬಫರ್ ಕೊಡುತ್ತೀರಿ? ಚಿಕ್ಕ ಬರ್ಸ್ಟ್‌ಗೆ ಬಫರ್ ಸರಿ, ಇದಕ್ಕೆ ಕೊಟ್ಟರೆ ಅದೂ ತುಂಬಿ ಡ್ರಾಪ್ ಜೊತೆಗೆ ಲೇಟೆನ್ಸಿಯೂ (ತಡ) ಬರುತ್ತದೆ, ಅಷ್ಟೇ.

ತಂತಿಜೇಡ:
ಬದಲಿಸಿದೆ. ಓವರ್‌ರನ್ ಪೂರ್ತಿ ನಿಂತಿದೆ! ಆದರೆ ಈಗ 5/1ರಲ್ಲಿ ಔಟ್‌ಪುಟ್ ಡ್ರಾಪ್ ಶುರುವಾಗಿದೆ. ಮೂರು ಬ್ಯಾಕಪ್ ಒಂದು ಪೋರ್ಟಿಗೆ ನುಗ್ಗುತ್ತಿವೆ, ಅದು ಅರ್ಥ ಆಯ್ತು. ಆದರೆ 3/5ರ ಸರ್ವರ್ ಸ್ಲಾಟ್ 2ರ ಜೊತೆ ಮಾತಾಡುವಾಗಲೂ ತಡವರಿಸುತ್ತದೆ. ಸ್ಲಾಟ್ 2ರಲ್ಲಿ ಗದ್ದಲವೇ ಇಲ್ಲ.

ಕ್ಯೂನಿಂತವನು:
ಇದು ಹೆಡ್ ಆಫ್ ಲೈನ್ ಬ್ಲಾಕಿಂಗ್ ಇರಬೇಕು. ಸಿಗ್ನಲ್‌ನಲ್ಲಿ ಒಂದೇ ಲೇನ್ ಇದೆ, ಮುಂದಿನ ಲಾರಿ ಬಲಕ್ಕೆ ತಿರುಗೋಕೆ ಕಾಯುತ್ತಿದೆ, ನೇರ ಹೋಗುವವನು ಅದರ ಹಿಂದೆ ಹಾರ್ನ್ ಹೊಡೀತಾ ನಿಂತಿದ್ದಾನೆ, ಅಲ್ವಾ? 5/1ಕ್ಕೆ ಹೋಗುವ ಪ್ಯಾಕೆಟ್ ಕ್ಯೂ ಮುಂದೆ ಸಿಕ್ಕಿಕೊಂಡರೆ ಸ್ಲಾಟ್ 2ಕ್ಕೆ ಹೋಗಬೇಕಾದದ್ದೂ ಅದರ ಹಿಂದೆ ಸಿಕ್ಕಿಕೊಳ್ಳುತ್ತದೆ. ಇನ್‌ಪುಟ್‌ಗೆ ಒಂದೇ ಕ್ಯೂ ಇದ್ದರೆ, ಟ್ರಾಫಿಕ್ ಎಲ್ಲಾ ಕಡೆ ಸಮನಾಗಿ ಹಂಚಿದ್ದರೂ, ಪೋರ್ಟ್ ಜಾಸ್ತಿ ಇರುವ ಸ್ವಿಚ್ 58.6%ಗಿಂತ ಮೇಲೆ ಹೋಗೋದಿಲ್ಲ ಅಂತ 1987ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಈಗಿನ ಮಾಡ್ಯುಲರ್ ಸ್ವಿಚ್‌ಗಳಲ್ಲಿ ವಿಒಕ್ಯೂ ಇರುತ್ತದೆ, ಅಂದರೆ ಇನ್‌ಪುಟ್ ಕಡೆಯೇ ಪ್ರತಿ ಔಟ್‌ಪುಟ್ ಪೋರ್ಟಿಗೂ ಬೇರೆ ಕ್ಯೂ. ಅಲ್ಲಿ ಲಾರಿ ಲಾರಿಯ ಲೇನಲ್ಲೇ ನಿಲ್ಲುತ್ತದೆ. ನಿಮ್ಮ ಕಾರ್ಡಲ್ಲಿ ಅದಿಲ್ಲದಿದ್ದರೆ ಯಾವ ಕಮಾಂಡಿನಿಂದಲೂ ಬರೋದಿಲ್ಲ.

ಲಾರಿಯನ್ನೇ ಕಡಿಮೆ ಮಾಡಿ. ಮೂರು ಬ್ಯಾಕಪ್ ಬೇರೆ ಬೇರೆ ಹೊತ್ತಿಗೆ ಇಡಿ. ಆಗೋದಿಲ್ಲ ಅಂದರೆ ಸರ್ವರ್ ಕಡೆಯೇ ಒಂದೊಂದಕ್ಕೂ 3 ಗಿಗಾಬಿಟ್‌ಗೆ ಮಿತಿ ಹಾಕಿ, ಸ್ವಿಚ್ ಒಳಗೆ ಬಂದಮೇಲೆ ಬೀಳಿಸೋದಕ್ಕಿಂತ ಅದು ವಾಸಿ. ಸ್ಟೋರೇಜ್‌ಗೆ ಎರಡು ಪೋರ್ಟ್ ಸೇರಿಸಿ ಲ್ಯಾಗ್ (ಒಂದೇ ಲಿಂಕಿನ ಹಾಗೆ ಕೆಲಸ ಮಾಡುವ ಜೋಡಿ) ಮಾಡಬಹುದು, ಆದರೆ 5/1, 5/2 ಅಂತ ಪಕ್ಕಪಕ್ಕ ಹಾಕಿ ಮತ್ತೆ ಅದೇ ಗುಂಪಿನ ಬಲೆಗೆ ಬೀಳಬೇಡಿ. ಯಾವ ಫ್ಲೋಗೆ ಯಾವ ಲಿಂಕ್ ಅಂತ ಆರಿಸುವ ಹ್ಯಾಶ್‌ನಲ್ಲಿ ಲೇಯರ್ 4 ಪೋರ್ಟ್ ನಂಬರೂ (ಟಿಸಿಪಿ ಪೋರ್ಟ್, ಸ್ವಿಚ್ಚಿನದಲ್ಲ) ಸೇರಿಸಿ. ಇಲ್ಲದಿದ್ದರೆ ಮೂರು ಸರ್ವರ್, ಮೂರೇ ಜೋಡಿ ಅಡ್ರೆಸ್, ಅದೃಷ್ಟ ಕೆಟ್ಟರೆ ಮೂರೂ ಒಂದೇ ಲಿಂಕ್ ಹಿಡಿಯುತ್ತವೆ. ಹ್ಯಾಶ್ ಏನೇ ಮಾಡಿದರೂ ಒಂದು ಫ್ಲೋ ಒಂದೇ ಲಿಂಕಲ್ಲಿ ಹೋಗೋದು, ಅದು ನೆನಪಿರಲಿ.

ತಂತಿಜೇಡ:
ನಾಲ್ಕು ರಾತ್ರಿ ನೋಡಿ ಬರೆಯುತ್ತಿದ್ದೇನೆ. ಬ್ಯಾಕಪ್ 1, 2:30, 4 ಗಂಟೆಗೆ. 5/1 ಮತ್ತು 5/5 ಲ್ಯಾಗ್, ಹ್ಯಾಶ್ ಲೇಯರ್ 4. ಡೇಟಾಬೇಸ್‌ನಿಂದ ಒಂದೂ ಅಲರ್ಟ್ ಇಲ್ಲ, 3/5ರ ತಡವರಿಕೆಯೂ ಹೋಯಿತು. 5/1ರಲ್ಲಿ ರಾತ್ರಿಗೆ ಇಪ್ಪತ್ತು ಮೂವತ್ತು ಡ್ರಾಪ್ ಇನ್ನೂ ಬೀಳುತ್ತಿದೆ, ಬಿದ್ದದ್ದನ್ನು ಟಿಸಿಪಿ ಮತ್ತೆ ಕಳಿಸಿಕೊಳ್ಳಲಿ. ಗುಂಪಿನ ನಕ್ಷೆ ಬರೆದು ರ‍್ಯಾಕ್ ಬಾಗಿಲಿಗೆ ಅಂಟಿಸಿದ್ದೇನೆ, ಖಾಲಿ ಕಂಡ ಪೋರ್ಟಿಗೆಲ್ಲಾ ಕೇಬಲ್ ಚುಚ್ಚುವವರು ನಮ್ಮಲ್ಲಿ ಇನ್ನೂ ಇಬ್ಬರಿದ್ದಾರೆ.